ಮಗಳ ಪಾಲಿನ ಹಾಲು

ನನ್ನ ಮಗಳಿಗೆ ಹಾಲೆಂದರೆ ಆಗುತ್ತಿರಲಿಲ್ಲ. ಬೆಳಿಗ್ಗೆ ಲೋಟ ಹಿಡಿದು ನಾನು ಅವಳ ಹಿಂದೆ ಓಡಿದರೆ ಅವಳು ಸೋಫಾದ ಹಿಂದೆ ಕೂತು ಮೂಗು ಹಿಡಿದುಕೊಳ್ಳುತ್ತಿದ್ದಳು. "ದೂಧ್ ನಕೋ ಅಮ್ಮಾ, ಪ್ಲೀಸ್." ಮರಾಠಿ ನಾಡಿನ ನೆರೂಳಿನಲ್ಲೇ ಹುಟ್ಟಿದ ಹುಡುಗಿ. ಕೆಳಗೆ ಆಡುವ ಮಕ್ಕಳ ಜೊತೆ ಮರಾಠಿ, ಶಾಲೆಯಲ್ಲಿ ಹಿಂದಿ, ನಮ್ಮ ಹತ್ತಿರ ಬಂದರೆ ಎಲ್ಲವನ್ನೂ ಕಲಸಿದ ಒಂದು ಕನ್ನಡ. ಹಾಲು ಆರಿದ ಮೇಲೆ ಕಟ್ಟುವ ಕೆನೆ ಮಾತ್ರ ಅವಳಿಗೆ ಇಷ್ಟ. ಬೇರೆ ಮಕ್ಕಳು ಕೆನೆ ಕಂಡರೆ ವಾಕರಿಸುತ್ತವೆ. ಇವಳು ಅದನ್ನು ಚಮಚದಲ್ಲಿ ಎತ್ತಿಸಿಕೊಂಡು, ಮೇಲೆ ಸಕ್ಕರೆ ಉದುರಿಸಿಕೊಂಡು ತಿಂದು, ಕೆಳಗಿನ ಹಾಲನ್ನು ನನ್ನ ಪಾಲಿಗೆ ಬಿಟ್ಟು ಶಾಲೆಯ ಬಸ್ಸಿಗೆ ಓಡುತ್ತಿದ್ದಳು.

ನಾವು ಮೈಸೂರಿನವರು. ನನ್ನ ಗಂಡನಿಗೆ ಬೇಲಾಪುರದ ಒಂದು ಹಣಕಾಸು ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದವರು. ಒಂದೆರಡು ವರ್ಷ ಇದ್ದು ವಾಪಸು ಹೋಗೋಣ ಎಂದುಕೊಂಡೇ ಬಂದಿದ್ದೆವು. ಮಗಳು ಹುಟ್ಟಿದ ಮೇಲೆ ವಾಪಸು ಹೋಗುವ ಮಾತು ತಾನಾಗಿ ನಿಂತಿತು, ಏಕೆಂದರೆ ಅವಳಿಗೆ ಇದೇ ಊರು.

ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಮಳೆಗಾಲದಲ್ಲಿ ಜ್ವರ ಬಂತು. ಆ ವರ್ಷ ನಮ್ಮ ಸೊಸೈಟಿಯ ಬಹಳ ಮನೆಗಳಲ್ಲಿ ಜ್ವರವಿತ್ತು, ಎಲ್ಲರಿಗೂ ವಾಸಿಯಾಗುತ್ತಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಒಂದು ವಾರವೂ ಆಗಲಿಲ್ಲ, ನಾವಿಬ್ಬರೇ ಮನೆಗೆ ಬಂದೆವು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲಾರೆ.

ಮೈಸೂರಿನಿಂದ ಬಂದಿದ್ದ ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿದ ಮೊದಲ ಕಷ್ಟ ಹಾಲಿನದು. ನಮಗೆ ಹಾಲು ತರುತ್ತಿದ್ದವನು ಉತ್ತರಪ್ರದೇಶದ ಒಬ್ಬ ಭಯ್ಯಾ. ಸೈಕಲ್ಲಿಗೆ ಕ್ಯಾನುಗಳನ್ನು ಕಟ್ಟಿಕೊಂಡು ಬಂದು ಬಾಗಿಲಲ್ಲಿ ಅಳೆದು ಸುರಿಯುತ್ತಿದ್ದ. ನಮ್ಮ ಮನೆಗೆ ಒಂದೂವರೆ ಲೀಟರು. ಅದರಲ್ಲಿ ಅರ್ಧ ಲೀಟರು ಅವಳು ಹುಟ್ಟಿದ ಮೇಲೆ ಹೆಚ್ಚಿಸಿದ್ದು. ಆ ದಿನಗಳಲ್ಲಿ ಅವನು ಊರಿಗೆ ಹೋಗಿದ್ದ. ಬದಲಿಗೆ ಬರುತ್ತಿದ್ದವನು ಯಾರನ್ನೂ ಏನನ್ನೂ ಕೇಳದೆ ಸುರಿದು ಹೋಗುತ್ತಿದ್ದ. ಹಾಗಾಗಿ ಊರಿನಿಂದ ಮರಳಿದ ಭಯ್ಯಾನಿಗೆ ವಿಷಯವೇ ಗೊತ್ತಿರಲಿಲ್ಲ. ಬಂದ ದಿನವೇ, "ಭಾಬೀಜೀ, ಬೇಬಿ ಸ್ಕೂಲ್ ಗಯೀ?" ಎಂದು ಕೇಳಿದ.

ನಾನು ಹೂಂ ಎಂದೆ. ನಾಳೆಯಿಂದ ಅರ್ಧ ಲೀಟರು ಕಡಿಮೆ ಮಾಡು ಎಂದು ಹೇಳಬೇಕಿತ್ತು. ಹಿಂದಿಯಲ್ಲಿ ಹೇಗೆ ಹೇಳುವುದೆಂದು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಬಾಗಿಲು ತೆಗೆದು ಪಾತ್ರೆ ಹಿಡಿದಾಗ ಅದು ಬಾಯಿಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವನು ದಿನಾ ಬೇಬಿಯನ್ನು ಕೇಳುತ್ತಿದ್ದ, ನಾನು ಹೂಂ ಎನ್ನುತ್ತಿದ್ದೆ. ಆಮೇಲೆ ನಾನು ಪ್ರಯತ್ನ ಮಾಡುವುದನ್ನೂ ಬಿಟ್ಟೆ.

ಹಾಲು ಹೆಚ್ಚಾಗಿ ಉಳಿಯಬೇಕಿತ್ತು, ಆದರೆ ಉಳಿಯುತ್ತಿರಲಿಲ್ಲ. ಇದು ನನ್ನ ಗಮನಕ್ಕೆ ಬಂದದ್ದೇ ತಡವಾಗಿ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ನನ್ನ ಗಂಡ ಅಡುಗೆಮನೆಯಲ್ಲಿ ಆಫೀಸಿನ ಬಟ್ಟೆಯಲ್ಲಿ ನಿಂತು, ಮಗಳ ಹಿಡಿಯಿರುವ ಲೋಟದಲ್ಲಿ ಹಾಲು ಕುಡಿಯುತ್ತಿದ್ದರು. ಅವರಿಗೆ ಹಾಲು ಆಗಿ ಬರುವುದಿಲ್ಲ. ಕಾಫಿಗೆ ಹಾಕಿದ್ದಷ್ಟೇ. ಮದುವೆಯಾದಾಗಿನಿಂದ ಅವರು ಬರೀ ಹಾಲು ಕುಡಿದದ್ದನ್ನು ನಾನು ನೋಡಿರಲಿಲ್ಲ.

"ನಿಮಗೆ ಹೊಟ್ಟೆ ಕೆಡತ್ತಲ್ಲ" ಎಂದೆ.

"ಕೆಡತ್ತೆ" ಎಂದರು. ಲೋಟ ತೊಳೆದು ಸ್ಟ್ಯಾಂಡಿಗೆ ಹಾಕಿದರು. "ಚೆಲ್ಲೋಕೆ ಮನಸ್ಸು ಬರಲ್ಲ ಕಣೇ. ಕಡಿಮೆ ಮಾಡು ಅಂತ ಅವನಿಗೆ ಹೇಳೋಣ ಅಂತ ಬಾಗಿಲಿಗೆ ಹೋಗ್ತೀನಿ, ಆಗಲ್ಲ. ನೀನಾದ್ರೂ ಹೇಳ್ತೀಯೇನೋ ಅಂತ ನೋಡ್ತಿದ್ದೆ."

ನಾನೂ ಅದನ್ನೇ ನೋಡುತ್ತಿದ್ದೆ ಎಂದು ಅವರಿಗೆ ಹೇಳಿದೆ. ಅವರು ಚೀಲ ಎತ್ತಿಕೊಂಡು ರೈಲಿಗೆ ಹೋದರು. ಮಗಳು ಹೋದ ಮೇಲೆ ನಾವಿಬ್ಬರೂ ಅವಳ ವಿಷಯ ಎದುರುಬದುರು ನಿಂತು ಆಡಿದ ಮೊದಲ ಮಾತು ಅದು.

ನಮ್ಮ ಮಹಡಿಯಲ್ಲೇ ಉಡುಪಿ ಕಡೆಯ ಒಬ್ಬ ಹೆಂಗಸು ಇದ್ದರು. ಅವರ ಯಜಮಾನರದು ಸ್ಟೇಷನ್ನಿನ ಹತ್ತಿರ ಹೋಟೆಲು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಮಗಳು ಹೋದ ಮೇಲೆ ಬಹಳ ಜನ ನನ್ನ ಮನೆಗೆ ಬರುವುದನ್ನು ಕಡಿಮೆ ಮಾಡಿದರು, ಇವರು ಹೆಚ್ಚು ಮಾಡಿದರು. ಮಾತಾಡಿಸಲೇಬೇಕೆಂಬ ಹಟವಿಲ್ಲ. ಬಂದು ಕೂತು ಬೀನ್ಸಿನ ನಾರು ತೆಗೆದುಕೊಟ್ಟು ಹೋಗುತ್ತಿದ್ದರು. ಒಂದು ದಿನ ಅವರಿಗೆ ಹಾಲಿನ ಕಥೆ ಹೇಳಿದೆ.

ಅವರು ಕೈಯಲ್ಲಿದ್ದ ಬೀನ್ಸನ್ನು ಪಾತ್ರೆಗೆ ಹಾಕಿದರು. "ನೀವು ಅವನಿಗೆ ಎಂತದೂ ಹೇಳುದು ಬೇಡ" ಎಂದರು ಆಮೇಲೆ. "ಹಾಲು ಬರ್ಲಿ. ನಾವು ತುರ್ಭೆಗೆ ಅಕ್ಕಿ ಬೇಳೆ ಕಳಿಸ್ತೇವಲ್ಲ, ಧಾನ್ಯ ಬ್ಯಾಂಕಿಗೆ, ಅಲ್ಲಿಗೆ ಕೊಡುವ. ಅಕ್ಕಿ ಎಲ್ಲರೂ ಕೊಡ್ತಾರೆ ಮಾರಾಯ್ರೆ. ಹಾಲು ಯಾರೂ ಕೊಡುದಿಲ್ಲ. ಕೆಡ್ತದಲ್ಲ, ಅದಕ್ಕೆ. ಅಲ್ಲಿ ಸಣ್ಣ ಮಕ್ಕಳು ಗಂಜಿನೀರು ಕುಡಿದು ಇರ್ತಾವೆ."

ಧಾನ್ಯ ಬ್ಯಾಂಕು ಎಂದರೆ ತುರ್ಭೆಯ ಕಾರ್ಖಾನೆಗಳ ಹಿಂಬದಿಯ ಗುಡಿಸಲುಗಳ ವಸ್ತಿಯಲ್ಲಿ ಸಿಮೆಂಟು ಶೀಟಿನ ಒಂದು ಕೋಣೆ. ಹೋಟೆಲಿನವರು, ಅಂಗಡಿಯವರು, ನಮ್ಮಂಥ ಸೊಸೈಟಿಗಳವರು ಕೊಟ್ಟ ಧಾನ್ಯವನ್ನು ಅಲ್ಲಿ ತುಂಬಿಟ್ಟು, ದುಡಿಮೆ ತಪ್ಪಿದ ಮನೆಗಳಿಗೆ ಹಂಚುತ್ತಿದ್ದರು. ನಿವೃತ್ತಿಯಾದ ಒಬ್ಬ ಮರಾಠಿ ನರ್ಸ್‌ಬಾಯಿ ಅದನ್ನು ನೋಡಿಕೊಳ್ಳುತ್ತಿದ್ದರು. ಮೊದಲ ದಿನ ನಾನು ಕಾಯಿಸಿದ ಹಾಲನ್ನು ಸ್ಟೀಲಿನ ಕ್ಯಾನಿನಲ್ಲಿ ಹಾಕಿ, ಕ್ಯಾನಿಗೆ ಟವೆಲು ಸುತ್ತಿ, ನೆರೆಮನೆಯವರ ಜೊತೆ ರಿಕ್ಷಾದಲ್ಲಿ ಹೋದೆ. ಅರ್ಧ ಲೀಟರು ಹಾಲು. ಅಲ್ಲಿ ಕಾಯುತ್ತಿದ್ದವರನ್ನು ನೋಡಿದ ಮೇಲೆ ಆ ಕ್ಯಾನನ್ನು ಮುಂದೆ ಹಿಡಿಯಲು ನಾಚಿಕೆಯಾಯಿತು. ನರ್ಸ್‌ಬಾಯಿ ಅದನ್ನು ತೆಗೆದುಕೊಂಡು, ಬಾಣಂತಿಯೊಬ್ಬಳನ್ನು ಕರೆದು, ಅಲ್ಲೇ ಕೂರಿಸಿ ಕುಡಿಸಿದರು. ಮನೆಗೆ ಕೊಟ್ಟರೆ ಹಾಲು ಗಂಡಸರ ಚಹಾಕ್ಕೆ ಹೋಗುತ್ತದೆ, ಇಲ್ಲೇ ಕುಡಿಯಬೇಕು ಎನ್ನುವುದು ಅವರ ನಿಯಮ. ಆ ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸದೆ ಕುಡಿದಳು. ಬರುವಾಗ ರಿಕ್ಷಾದಲ್ಲಿ ನನಗೆ ಬಹಳ ಅಳು ಬಂತು. ನೆರೆಮನೆಯವರು ಖಾಲಿ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು.

ಮಾರನೆಯ ದಿನ ಭಯ್ಯಾ ಬಂದಾಗ, ನಾಳೆಯಿಂದ ಎರಡು ಲೀಟರು ಹೆಚ್ಚು ಹಾಕು ಎಂದೆ. ಅದು ಸುಲಭವಾಗಿ ಬಾಯಿಗೆ ಬಂತು. ಅವನು ಖುಷಿಯಾಗಿ, ಮನೆಗೆ ನೆಂಟರು ಬಂದಿದ್ದಾರಾ, ಬೇಬಿಯ ಹುಟ್ಟುಹಬ್ಬವಾ ಎಂದು ಕೇಳಿದ. ನನ್ನ ಹಿಂದೆ ನನ್ನ ಗಂಡ ಬಂದು ನಿಂತಿದ್ದು ಗೊತ್ತಿರಲಿಲ್ಲ.

"ಭಯ್ಯಾ, ಬೇಬಿ ನಹೀಂ ರಹೀ" ಎಂದರು.

ಭಯ್ಯಾ ಅಳತೆಯ ಪಾತ್ರೆಯನ್ನು ಕ್ಯಾನಿನೊಳಗೆ ಬಿಟ್ಟ. ಯಾವಾಗ ಎಂದು ಕೇಳಿದ. ನೀನು ಊರಲ್ಲಿದ್ದಾಗ ಎಂದರು ಇವರು. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ದಿನಾ ಕೇಳುತ್ತಿದ್ದೆನಲ್ಲ, ದಿನಾ ಕೇಳುತ್ತಿದ್ದೆನಲ್ಲ ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ. ಕೊನೆಗೆ ನನ್ನ ಗಂಡನೇ ಅವನ ಭುಜ ಮುಟ್ಟಿ ಎಬ್ಬಿಸಬೇಕಾಯಿತು. ಅಂದಿನಿಂದ ಅವನು ನಮ್ಮ ಹಾಲನ್ನು ಸುರಿದಾದ ಮೇಲೆ ತುರ್ಭೆಯ ಕ್ಯಾನಿಗೆ ತನ್ನದೂ ಒಂದಷ್ಟು ಸುರಿಯುತ್ತಿದ್ದ. ಬೇಡವೆಂದರೆ ಕೇಳುತ್ತಿರಲಿಲ್ಲ.

ನಮ್ಮ ಸೊಸೈಟಿಯ ಬೇರೆ ಮನೆಗಳವರೂ ಸೇರಿದರು. ಹೋಟೆಲಿನಿಂದ ಹಾಲಿನ ದೊಡ್ಡ ಕ್ಯಾನು ಬರತೊಡಗಿತು. ಕೆಲವೇ ತಿಂಗಳಲ್ಲಿ ತುರ್ಭೆಯ ಆ ಕೋಣೆಯಲ್ಲಿ ಬೆಳಿಗ್ಗೆ ಮಕ್ಕಳಿಗೆ, ಬಸುರಿಯರಿಗೆ ಹಾಲು ಕೊಡುವುದು ಒಂದು ಪದ್ಧತಿಯಾಯಿತು. ನಾನು ವಾರದಲ್ಲಿ ಹೆಚ್ಚಿನ ದಿನ ಹೋಗುತ್ತಿದ್ದೆ. ಆದರೆ ಮಕ್ಕಳು ಕುಡಿಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಮೇಲುತುಟಿಯ ಮೇಲಿನ ಬಿಳಿ ಗೆರೆ, ಅದನ್ನು ಅಂಗೈಯಿಂದ ಒರೆಸಿಕೊಳ್ಳುವ ರೀತಿ. ನರ್ಸ್‌ಬಾಯಿಗೆ ಹೇಳಿ ಲೋಟ ತೊಳೆಯುವ ಕೆಲಸ ತೆಗೆದುಕೊಂಡೆ. ನಲ್ಲಿ ಹಿಂದಿನ ಬಾಗಿಲಿನ ಆಚೆಗಿತ್ತು. ಮಕ್ಕಳಿಗೆ ಬೆನ್ನು ಹಾಕಿ ಕೂತರೆ ಗಲಾಟೆ ಮಾತ್ರ ಕೇಳಿಸುತ್ತಿತ್ತು.

ಅಲ್ಲಿಗೇ ಒಂದು ದಿನ ಒಬ್ಬಳು ಮುದುಕಿ ಬಂದಳು. ನಾನು ಫೋನಿನಲ್ಲಿ ನನ್ನ ಗಂಡನ ಜೊತೆ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು.

"ಯವ್ವಾ, ನೀವು ಕನ್ನಡದವರೇನ್ರಿ?"

ಕಲಬುರಗಿ ಕಡೆಯವಳು. ಮಗಳ ಮಗಳನ್ನು ಸಾಕುತ್ತಿದ್ದಳು. ಮಗುವಿನ ತಾಯಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಅಳಿಯ ಮಾರ್ಕೆಟ್ಟಿನಲ್ಲಿ ಲಾರಿಗೆ ಮೂಟೆ ಹೊರುವವನು. "ಇಕಿ ಹಾಲು ಕುಡೀವಲ್ಲಳ್ರಿ ಯವ್ವಾ. ನರ್ಸವ್ವ ಬೈತಾಳ. ನೀವರ ಒಂದೀಟು ಹೇಳ್ರಿ" ಎಂದು ಸೆರಗಿನ ಹಿಂದೆ ಅಡಗಿದ್ದ ಹುಡುಗಿಯನ್ನು ಮುಂದೆ ತಂದಳು.

ನಾಲ್ಕು ವರ್ಷದ ಹುಡುಗಿ. ನನ್ನ ಮಗಳ ಹಾಗೆ ಇರಲಿಲ್ಲ. ಕಪ್ಪಗೆ, ತೆಳ್ಳಗೆ, ಎಣ್ಣೆ ಕಾಣದ ಕೂದಲು. ಅವಳು ಮೂಗು ಹಿಡಿದುಕೊಂಡು, "ವಾಸ್ ಆತಾ ಹೈ" ಎಂದಳು. ವಾಸನೆ ಬರುತ್ತದಂತೆ.

ನನ್ನ ಕೈಯಲ್ಲಿ ಸೋಪಿನ ನೊರೆಯಿತ್ತು. ತೊಳೆದುಕೊಂಡೆ. ಒಳಗೆ ಹೋಗಿ ದೊಡ್ಡ ಪಾತ್ರೆಯ ಅಂಚಿಗೆ ಕಟ್ಟಿದ್ದ ಕೆನೆಯನ್ನು ಚಮಚದಲ್ಲಿ ಎತ್ತಿ, ಸಕ್ಕರೆ ಹಾಕಿ ತಂದು ಅವಳ ಮುಂದೆ ಹಿಡಿದೆ. ನೆಕ್ಕಿ ನೋಡಿದಳು. ಆಮೇಲೆ ಚಮಚವನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ದಿನ ಕಳೆದಂತೆ ಅವಳು ಹಾಲನ್ನೂ ಕುಡಿಯಲು ಕಲಿತಳು. ಕುಡಿದು ನಲ್ಲಿಯ ಹತ್ತಿರ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ನಾನು ತೊಳೆದ ಲೋಟಗಳನ್ನು ಬೋರಲು ಹಾಕುವುದು ಅವಳ ಕೆಲಸ. ಅಜ್ಜಿಯ ಕನ್ನಡ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಅವಳಿಗೆ ನಾನು "ದೂಧ್‌ವಾಲಿ ಆಂಟಿ". ಅವಳಿಗೆ ಓದು ಬರಬೇಕೆಂದು ನಾನು ನೆಲದ ಮೇಲೆ ಒದ್ದೆ ಬೆರಳಿನಲ್ಲಿ ಅ, ಆ ಬರೆಯುತ್ತಿದ್ದೆ. ಬರೆದು ಮುಗಿಸುವಷ್ಟರಲ್ಲಿ ಬಿಸಿಲಿಗೆ ಆರಿಹೋಗುತ್ತಿತ್ತು, ಅವಳು ನಗುತ್ತಿದ್ದಳು. ಒಂದು ದಿನ ಮುದುಕಿ, "ನಿಮಗ ಮಕ್ಕಳೆಷ್ಟ್ರಿ?" ಎಂದು ಕೇಳಿದಳು. ಹೇಳಿದೆ. ಅವಳು ನನ್ನ ಪಕ್ಕ ಕೂತು ಲೋಟ ತಿಕ್ಕತೊಡಗಿದಳು. ಬಹಳ ಹೊತ್ತಾದ ಮೇಲೆ, "ನನ್ನ ಮಗಳಿಗೆ ಇಪ್ಪತ್ತೆರಡಾಗಿತ್ರಿ" ಎಂದಳು.

ಹೀಗೆ ಒಂದು ವರ್ಷದ ಮೇಲೆ ಕಳೆಯಿತು. ಮನೆಯಲ್ಲಿ ಆ ಹುಡುಗಿಯ ಮಾತು ಬರುತ್ತಿತ್ತು. ಮೊದಲು ನಾನು ಹೇಳುತ್ತಿದ್ದೆ, ಆಮೇಲೆ ನನ್ನ ಗಂಡ ತಾವಾಗಿಯೇ ಕೇಳತೊಡಗಿದರು. ಇವತ್ತು ಬಂದಿದ್ದಳಾ, ಏನಂದಳು. ಭಾನುವಾರಗಳಲ್ಲಿ ಅವರೂ ತುರ್ಭೆಗೆ ಬರುತ್ತಿದ್ದರು. ಕ್ಯಾನು ಇಳಿಸಿ, ಬಾಗಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದರು. ಮಾತಾಡಿಸುತ್ತಿರಲಿಲ್ಲ.

ಮುದುಕಿಗೆ ಕೆಮ್ಮು ಹತ್ತಿದ್ದು ಆ ಚಳಿಗಾಲದಲ್ಲಿ. ನರ್ಸ್‌ಬಾಯಿ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಔಷಧ ಶುರುವಾಯಿತು. ಆದರೂ ಅವಳು ದಿನದಿನಕ್ಕೆ ಇಳಿದಳು. ಒಂದು ಬೆಳಿಗ್ಗೆ ಹುಡುಗಿಯನ್ನು ಒಳಗೆ ಕಳಿಸಿ, ನಲ್ಲಿಯ ಹತ್ತಿರ ನನ್ನ ಮುಂದೆ ಕೂತಳು.

"ಯವ್ವಾ, ನನ್ನ ಎದಿ ಪೂರಾ ಹೋಗೇತಿ. ನಾ ಇನ್ನ ಭಾಳ ದಿನ ಇರಂಗಿಲ್ಲ. ಈ ಕೂಸಿನ್ನ ನೀವ ಇಟ್ಕೋರಿ."

ನಾನು ನಲ್ಲಿ ನಿಲ್ಲಿಸಿದೆ.

"ಅವರಪ್ಪಗ ಬೆಳಕಾಗೋದ್ರಾಗ ಮಾರ್ಕೆಟ್ಟು. ಕೂಸಿನ ತಲಿ ಯಾರು ಬಾಚತಾರ್ರಿ? ನಿಮ್ಮ ಮನ್ಯಾಗ ಇದ್ರ ಸಾಲಿ ಕಲೀತೈತಿ. ನಿಮಗೂ ಒಂದು ಜೀವ ಆಗತೈತಿ."

ಮನೆಗೆ ಬಂದು ನನ್ನ ಗಂಡನ ಆಫೀಸಿಗೆ ಫೋನ್ ಮಾಡಿದೆ. ಅವರು ಸಂಜೆಯವರೆಗೆ ಕಾಯದೆ ಬಂದುಬಿಟ್ಟರು. ನಾವು ಊಟದ ಮೇಜಿನ ಆಚೆ ಈಚೆ ಕೂತೆವು. ಬೇಡ ಎಂದು ಅವರು ಮೊದಲು ಹೇಳಿದರು. ಕಾರಣಗಳನ್ನೂ ಹೇಳಿದರು, ಎಲ್ಲವೂ ಸರಿಯಾದ ಕಾರಣಗಳೇ. ಮೂರನೆಯ ದಿನ ಅವರು ಮಗಳ ಕೋಣೆಯ ಬಾಗಿಲು ತೆಗೆದರು. ಮಂಚದ ಮೇಲಿಟ್ಟಿದ್ದ ರಟ್ಟಿನ ಡಬ್ಬಗಳನ್ನು ಒಂದೊಂದಾಗಿ ಹೊರಗೆ ತಂದು, ಹಾಸಿಗೆಯನ್ನು ಬಾಲ್ಕನಿಯ ಬಿಸಿಲಿಗೆ ಹಾಕಿದರು. "ಅವಳಪ್ಪನ್ನ ಕೇಳ್ಬೇಕಲ್ವಾ" ಎಂದರು. "ಭಾನುವಾರ ಹೋಗೋಣ."

ಆ ಭಾನುವಾರಕ್ಕೆ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಹೆಣ್ಣು ಕೇಳಲು ಹೋಗುವವರ ಹಾಗೆ ಹಣ್ಣು ತೆಗೆದುಕೊಂಡಿದ್ದೆವು. ವಸ್ತಿಯಲ್ಲಿ ಅವರ ಗುಡಿಸಲನ್ನು ಮೊದಲ ಸಲ ನೋಡಿದ್ದು ಅಂದೇ. ಒಂದು ಮಂಚ, ಒಂದು ಸ್ಟೋವು, ಗೋಡೆಗೆ ಕನ್ನಡಿ. ಹುಡುಗಿಯ ತಂದೆ ನಾನಂದುಕೊಂಡದ್ದಕ್ಕಿಂತ ಬಹಳ ಚಿಕ್ಕವನು. ಹೆಗಲಿನಲ್ಲಿ ಮೂಟೆಯ ಗುರುತಿತ್ತು. ನಮ್ಮನ್ನು ಮಂಚದ ಮೇಲೆ ಕೂರಿಸಿ ತಾನು ನೆಲದ ಮೇಲೆ ಕೂತ. ಹುಡುಗಿ ಬಂದು ಅವನ ಕುತ್ತಿಗೆಗೆ ಹಿಂದಿನಿಂದ ಜೋತುಬಿದ್ದಳು. ಅವನಿಗೆ ವಿಷಯ ಗೊತ್ತಿರಲಿಲ್ಲ. ಮುದುಕಿ ಹೇಳಿರಲಿಲ್ಲ.

ನನ್ನ ಗಂಡ ನಿಧಾನವಾಗಿ ಹೇಳಿದರು. ಶಾಲೆಗೆ ಸೇರಿಸುತ್ತೇವೆ, ಯಾವಾಗ ಬೇಕಾದರೂ ಬಂದು ನೋಡಬಹುದು, ಇಷ್ಟವಿದ್ದರೆ ಮಾತ್ರ ಎಂದರು. ಅವನು ಎಲ್ಲ ಕೇಳಿದ. ಅತ್ತೆಯ ಮುಖ ನೋಡಿದ. ಮುದುಕಿ ಗೋಡೆಯ ಕಡೆ ತಿರುಗಿದಳು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ" ಎಂದ. ದನಿ ಏರಿಸಲಿಲ್ಲ. "ನೀವು ನಮಗ ಭಾಳ ಮಾಡೀರಿ. ಹಾಲು ಕೊಟ್ಟೀರಿ, ಅಕ್ಕಿ ಕೊಟ್ಟೀರಿ. ಕೊಟ್ರ ತಗೋತೀವ್ರಿ, ನಮಗ ನಾಚಿಕಿಲ್ಲ. ಖರೇ, ಕೂಸು ಕೇಳಬ್ಯಾಡ್ರಿ. ನನಗ ಉಳಿದಿದ್ದ ಇದೊಂದ."

ಹುಡುಗಿ ಅವನ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಅವನು ಅವಳ ಕೈಯನ್ನು ತನ್ನ ಕುತ್ತಿಗೆಯ ಹತ್ತಿರ ಹಿಡಿದುಕೊಂಡ.

ಅವನು ಚಹಾ ಮಾಡಿಸಿದ. ಕುಡಿದೆವು. ಹಾಲಿಲ್ಲದ ಕರಿ ಚಹಾ. ಹೊರಗೆ ಬಂದ ಮೇಲೆ ರಿಕ್ಷಾ ಸಿಗಲಿಲ್ಲ, ಬಹಳ ದೂರ ನಡೆದೆವು. "ಅವನು ಹೇಳಿದ್ದು ಸರಿ" ಎಂದರು ನನ್ನ ಗಂಡ. ಸರಿಯೆಂದು ನನಗೂ ಗೊತ್ತಿತ್ತು. ಕಾರ್ಖಾನೆಯೊಂದರ ಕಾಂಪೌಂಡಿಗೆ ಒರಗಿ ನಿಂತುಬಿಟ್ಟೆ. ಮಗಳು ಹೋದ ದಿನ ಬಾರದ ಒಂದು ದನಿ ಅಂದು ನನ್ನೊಳಗಿನಿಂದ ಬಂತು. ಲಾರಿಗಳು ಹೋಗುತ್ತಿದ್ದವು. ನನ್ನ ಗಂಡ ನನ್ನನ್ನು ಮರೆಮಾಡಿ ರಸ್ತೆಯ ಕಡೆಗೆ ಬೆನ್ನು ಹಾಕಿ ನಿಂತರು.

ಹುಡುಗಿ ಆಮೇಲೂ ಹಾಲಿಗೆ ಬರುತ್ತಿದ್ದಳು. ಒಂದು ವ್ಯತ್ಯಾಸವಿತ್ತು: ಅವಳ ತಲೆಗೆ ಎಣ್ಣೆ ಹಚ್ಚಿ, ಸೊಟ್ಟಗೆ ಬೈತಲೆ ತೆಗೆದು, ಎರಡು ಬಿಗಿ ಜಡೆ ಹಾಕಿರುತ್ತಿತ್ತು. ಅಪ್ಪ ಹಾಕಿದ್ದು ಎಂದಳು. ಮಾರ್ಕೆಟ್ಟಿಗೆ ಹೋಗುವ ಮುಂಚೆ, ಅವಳು ನಿದ್ದೆಯಲ್ಲಿರುವಾಗಲೇ.

ಮಳೆಗಾಲಕ್ಕೆ ಮುಂಚೆ ಮುದುಕಿ ತೀರಿಕೊಂಡಳು. ನಾವು ಹೋಗಿ ಬಂದೆವು. ಅದಾದ ಕೆಲವು ದಿನಗಳ ಮೇಲೆ ಹುಡುಗಿ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಪಕ್ಕದ ಗುಡಿಸಲಿನವಳು ಹೇಳಿದಳು: ಅಪ್ಪ ಮಗಳನ್ನು ಕರೆದುಕೊಂಡು ಊರಿಗೆ ಹೋದ, ಅಣ್ಣನ ಮನೆಯಲ್ಲಿ ಬಿಡುತ್ತಾನಂತೆ. ನಮಗೆ ಹೇಳಿ ಹೋಗಬೇಕಾದ ಋಣ ಅವನಿಗೇನೂ ಇರಲಿಲ್ಲ. ನಾವು ಮತ್ತೆ ಕೇಳುತ್ತೇವೆಂದು ಹೆದರಿದನೋ ಏನೋ. ಆ ಬೆಳಿಗ್ಗೆಯೂ ಉಳಿದ ಮಕ್ಕಳು ಹಾಲು ಕುಡಿದರು. ಲೋಟಗಳನ್ನು ತೊಳೆದು ನಾನೇ ಬೋರಲು ಹಾಕಿದೆ.

ಹಾಲು ಕೊಡುವುದನ್ನು ನಾವು ಬಿಡಲಿಲ್ಲ. ಬಿಟ್ಟುಬಿಡೋಣ ಎಂದು ನಾನು ಒಮ್ಮೆ ಅಂದಿದ್ದೆ. ನನ್ನ ಗಂಡ ಮಾರನೆಯ ಬೆಳಿಗ್ಗೆ ತಾವೇ ಕ್ಯಾನು ತೆಗೆದುಕೊಂಡು ಹೋದರು. ಆಮೇಲೆ ಭಯ್ಯಾ ವಯಸ್ಸಾಗಿ ಊರಿಗೆ ಮರಳಿದ, ಕ್ಯಾನು ಹೋಗಿ ಪ್ಯಾಕೆಟ್ಟುಗಳು ಬಂದವು, ನರ್ಸ್‌ಬಾಯಿಯ ಜಾಗಕ್ಕೆ ಬೇರೆಯವರು ಬಂದರು. ಮಗಳ ಕೋಣೆಯ ಮಂಚದ ಮೇಲೆ ಮತ್ತೆ ರಟ್ಟಿನ ಡಬ್ಬಗಳು ಬಂದವು.

ಹಲವು ವರ್ಷಗಳಾದ ಮೇಲೆ, ನಾನು ಪ್ಯಾಕೆಟ್ಟು ಕತ್ತರಿಸಿ ಪಾತ್ರೆಗೆ ಸುರಿಯುತ್ತಿದ್ದಾಗ, ಒಬ್ಬ ಗಂಡಸು ಬಸುರಿ ಹೆಂಗಸೊಬ್ಬಳನ್ನು ಕರೆದುಕೊಂಡು ಬಂದ. ತನ್ನ ಜೊತೆ ದುಡಿಯುವವನ ಹೆಂಡತಿ, ಗಂಡನ ಕಾಲು ಮುರಿದಿದೆ, ಹಾಲು ಸಿಗುತ್ತದೆಂದು ಕರೆತಂದೆ ಎಂದ. ನನ್ನನ್ನು ಗುರುತಿಸಿದವನು ಅವನೇ, ಆ ಮುದುಕಿಯ ಅಳಿಯ, ಹುಡುಗಿಯ ಅಪ್ಪ. ಕೂದಲು ನರೆತಿತ್ತು. ಹೆಗಲು ಒಂದು ಕಡೆಗೆ ಇಳಿದಿತ್ತು.

"ಅರಾಮ ಅದೀರೇನ್ರಿ ಅಕ್ಕಾರ?"

ನಾನು ಅವನ ಮಗಳ ಬಗ್ಗೆ ಕೇಳಿದೆ. ಅವನ ಮುಖ ಅರಳಿತು. "ಒಂಬತ್ತನೇತ್ತ ಓದಾಕತ್ತಾಳ್ರಿ. ಹಾಸ್ಟೆಲ್‌ನಾಗ ಇಟ್ಟೀನಿ. ಇಂಗ್ಲಿಷ್ ಓದತಾಳ್ರಿ."

"ನನ್ನ ನೆನಪಿದೆಯಾ ಅವಳಿಗೆ?" ಎಂದು ಕೇಳಿಬಿಟ್ಟೆ.

ಅವನು ಸುಳ್ಳು ಹೇಳಬಹುದಿತ್ತು. "ಇಲ್ರಿ ಅಕ್ಕಾರ. ಭಾಳ ಸಣ್ಣಾಕಿ ಇದ್ಲಲ್ರಿ ಆಗ. ಇಲ್ಲೀದು ಏನೂ ನೆನಪಿಲ್ಲ ಆಕೀಗೆ. ಹಡದವ್ವನ್ನೂ ಮರ್ತಾಳ."

ಒಳ್ಳೆಯದಾಯಿತು ಎಂದೆ. ಬಸುರಿಗೆ ಲೋಟ ಕೊಟ್ಟು, ಇಲ್ಲೇ ಕೂತು ಕುಡಿಯಬೇಕು ಎಂದು ನಿಯಮ ಹೇಳಿದೆ. ಅವನು ಬಾಗಿಲ ಹೊರಗೆ ಕಾದು ನಿಂತ. ಅವಳು ಕುಡಿದಾದ ಮೇಲೆ ನನಗೆ ಕೈಮುಗಿದು ಅವಳನ್ನು ಕರೆದುಕೊಂಡು ಹೋದ.

ಮನೆಗೆ ಬಂದಾಗ ನನ್ನ ಗಂಡ ಆಫೀಸಿಗೆ ಹೊರಟು ಶೂ ಕಟ್ಟುತ್ತಿದ್ದರು. ಅವನು ಸಿಕ್ಕಿದ್ದನ್ನು ಹೇಳಿದೆ. ಹುಡುಗಿ ಓದುತ್ತಿದ್ದಾಳಂತೆ, ಹಾಸ್ಟೆಲಿನಲ್ಲಿದ್ದಾಳಂತೆ ಎಂದೆ. ಅವರು ಎರಡನೆಯ ಶೂ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದರು.

"ನಮ್ಮನ್ನ ಕೇಳಿದ್ಲಂತಾ?" ಎಂದರು.

ನಾನು ಅಡುಗೆಮನೆಗೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಎಳೆದುಕೊಂಡ ಸದ್ದಾಯಿತು.